ಕಡಿಮೆ ರೇಟಿನ ಸಪ್ಲೈಯರ್ ಯಾವಾಗ ದುಬಾರಿ?

2025ರ ಮಳೆಗಾಲದಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಬುಕ್ ಮಾಡಿ ಕಾದವರಲ್ಲಿ ಹಲವರಿಗೆ ಒಂದು ಹೊಸ ಪದ ಪರಿಚಯವಾಯಿತು: ರೇರ್ ಅರ್ತ್ ಮ್ಯಾಗ್ನೆಟ್. ಸ್ಕೂಟರಿನ ಮೋಟಾರಿನೊಳಗೆ ಅಡಗಿ ಕೂರುವ ಅಯಸ್ಕಾಂತ ಇದು. ಆ ವರ್ಷದ ಏಪ್ರಿಲ್ 4ರಂದು ಚೀನಾ ಏಳು ಬಗೆಯ ರೇರ್ ಅರ್ತ್ ಲೋಹಗಳನ್ನೂ ಅವುಗಳಿಂದ ಮಾಡಿದ ಅಯಸ್ಕಾಂತಗಳನ್ನೂ ಲೈಸೆನ್ಸ್ ಇಲ್ಲದೆ ಹೊರದೇಶಕ್ಕೆ ಕಳಿಸುವಂತಿಲ್ಲ ಎಂದು ನಿಯಮ ಮಾಡಿತು. ಲೈಸೆನ್ಸ್ ಸುಲಭಕ್ಕೆ ಸಿಗಲಿಲ್ಲ. ಆಗಸ್ಟ್ ಹೊತ್ತಿಗೆ ಬಜಾಜ್ ಆಟೋ ತನ್ನ ಚೇತಕ್ ಸ್ಕೂಟರಿನ ಉತ್ಪಾದನೆಯನ್ನು ತಗ್ಗಿಸಬೇಕಾಯಿತು. ಲಕ್ಷ ರೂಪಾಯಿಯ ಗಾಡಿ, ತನ್ನ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದ ಒಂದು ತುಂಡಿಗಾಗಿ ಕಾದು ನಿಂತಿತು.

2021ರಲ್ಲಿ ಕಾರು ಬುಕ್ ಮಾಡಿದವರಿಗೆ ಇದೇ ಪಾಠ ಚಿಪ್‌ನಿಂದ ಆಗಿತ್ತು. ಎಂಜಿನ್ ಇದೆ, ಬಾಡಿ ಇದೆ, ಬಣ್ಣ ಹೊಡೆದಾಗಿದೆ, ಚಿಪ್ ಇಲ್ಲ.

ಇಂಥ ಹೊತ್ತಿನಲ್ಲೆಲ್ಲ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ‘ಸಪ್ಲೈ ಚೈನ್’, ‘ಸ್ಟ್ರಾಟೆಜಿಕ್ ಸೋರ್ಸಿಂಗ್’, ‘ವೆಂಡರ್ ಪಾರ್ಟ್ನರ್‌ಶಿಪ್’ ಎಂಬ ಪದಗಳು ಓಡಾಡುತ್ತವೆ. ಇವುಗಳ ಹಿಂದಿರುವ ಪ್ರಶ್ನೆ ತೀರಾ ಸರಳ. ಬೇಕಾದ ವಸ್ತುವನ್ನು ಯಾರ ಹತ್ತಿರ ಕೊಳ್ಳಬೇಕು? ಅವರ ಜೊತೆ ಹೇಗೆ ನಡೆದುಕೊಳ್ಳಬೇಕು?

ಕೊಳ್ಳುವುದು ಬೇರೆ, ಪೂರೈಕೆ ನೋಡಿಕೊಳ್ಳುವುದು ಬೇರೆ

ಹಳೆಯ ಕಾಲದ ಪರ್ಚೇಸ್ ಡಿಪಾರ್ಟ್‌ಮೆಂಟಿನ ಕೆಲಸ ಎಲ್ಲರಿಗೂ ಗೊತ್ತಿರುವಂಥದ್ದೇ. ಮೂರು ಕೊಟೇಷನ್ ತರಿಸು, ಕಡಿಮೆ ಹೇಳಿದವನಿಗೆ ಆರ್ಡರ್ ಕೊಡು, ಸಾಮಾನು ಬಂದ ಮೇಲೆ ಬಿಲ್ ಪಾಸು ಮಾಡು. ಟೆಂಡರ್ ಭಾಷೆಯಲ್ಲಿ ಆ ಕಡಿಮೆಯವನಿಗೆ ‘ಎಲ್ ಒನ್’ ಎಂದು ಹೆಸರು.

1983ರಲ್ಲಿ ಪೀಟರ್ ಕ್ರಾಲ್ಜಿಕ್ ಎಂಬ ಮೆಕಿನ್ಸಿ ಸಲಹೆಗಾರ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಒಂದು ಲೇಖನ ಬರೆದು, ಇಷ್ಟು ಸಾಲದು ಎಂದ. ಕಂಪನಿ ಕೊಳ್ಳುವ ಪ್ರತಿ ವಸ್ತುವಿಗೂ ಎರಡು ಪ್ರಶ್ನೆ ಕೇಳಿ ಎಂಬುದು ಅವನ ಸಲಹೆ. ಒಂದು, ಇದು ನಮ್ಮ ಲಾಭಕ್ಕೆ ಎಷ್ಟು ಮುಖ್ಯ? ಎರಡು, ನಾಳೆ ಇದು ಸಿಗದೇ ಹೋಗುವ ಅಪಾಯ ಎಷ್ಟು? ಎರಡು ಪ್ರಶ್ನೆಗೆ ‘ಹೆಚ್ಚು’, ‘ಕಡಿಮೆ’ ಎಂದು ಉತ್ತರ ಬರೆದರೆ ನಾಲ್ಕು ಮನೆಯ ಒಂದು ಕೋಷ್ಟಕವಾಗುತ್ತದೆ. ಮ್ಯಾನೇಜ್‌ಮೆಂಟ್ ಓದುವ ಮಕ್ಕಳು ಇಂದಿಗೂ ಪರೀಕ್ಷೆಯಲ್ಲಿ ಬರೆಯುವುದು ಇದನ್ನೇ.

ಕೋಷ್ಟಕ ಬಿಡಿ, ಬೆಂಗಳೂರಿನ ಯಾವುದಾದರೂ ದರ್ಶಿನಿಯ ಒಳಗೆ ಹೋಗೋಣ.

ಕೈ ಒರೆಸುವ ಕಾಗದ, ಪಾರ್ಸಲ್ ಕವರ್. ದುಡ್ಡೂ ದೊಡ್ಡದಲ್ಲ, ಸಿಗುವುದೂ ಕಷ್ಟವಲ್ಲ. ಇದಕ್ಕೆ ತಲೆ ಕೆಡಿಸಿಕೊಳ್ಳುವುದೇ ನಷ್ಟ. ಯಾರೋ ಒಬ್ಬರು ವಾರಕ್ಕೊಮ್ಮೆ ತಂದು ಹಾಕಿದರೆ ಆಯಿತು.

ಅಕ್ಕಿ, ಉದ್ದಿನಬೇಳೆ, ಎಣ್ಣೆ. ತಿಂಗಳ ಖರ್ಚಿನ ದೊಡ್ಡ ಪಾಲು ಇಲ್ಲೇ ಹೋಗುತ್ತದೆ, ಆದರೆ ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಮಾರುವವರು ಬೇಕಾದಷ್ಟು ಜನ. ಇಲ್ಲಿ ಚೌಕಾಸಿ ಮಾಡಬೇಕು, ಮಾಡದಿದ್ದರೆ ದಡ್ಡತನ.

ಮೂರನೆಯದು ವಿಚಿತ್ರ. ಹಿಟ್ಟು ರುಬ್ಬುವ ಗ್ರೈಂಡರಿನ ಒಂದು ಬಿಡಿಭಾಗ. ಬೆಲೆ ಕೆಲವು ನೂರು ರೂಪಾಯಿ. ಆದರೆ ಆ ಮಾಡೆಲ್‌ಗೆ ಹೊಂದುವಂಥದ್ದು ಒಬ್ಬನ ಹತ್ತಿರ ಮಾತ್ರ ಇದ್ದು ಅವನು ಊರಲ್ಲಿಲ್ಲದಿದ್ದರೆ, ಬೆಳಿಗ್ಗೆ ಇಡ್ಲಿಯೂ ಇಲ್ಲ, ದೋಸೆಯೂ ಇಲ್ಲ. ಇಂಥದ್ದನ್ನು ಒಂದೆರಡು ಹೆಚ್ಚಿಗೆ ತಂದು ಕಪಾಟಿನಲ್ಲಿ ಇಟ್ಟಿರಬೇಕು. ರೇಟಿನ ಮಾತು ಆಮೇಲೆ. ಸ್ಕೂಟರಿನ ಅಯಸ್ಕಾಂತವೂ ಈ ಮನೆಗೇ ಸೇರಿದ್ದು, ಕಪಾಟು ಮಾತ್ರ ಖಾಲಿ ಇತ್ತು.

ಕೊನೆಯದು ಕಾಫಿ ಪುಡಿ. ಜನ ಆ ದರ್ಶಿನಿಗೆ ಬರುವುದೇ ಕಾಫಿಗೆ. ಯಾವ ಬೀಜ, ಎಷ್ಟು ಹುರಿಯಬೇಕು, ಚಿಕೋರಿ ಎಷ್ಟು ಎಂಬುದು ಪುಡಿ ಮಾಡಿಕೊಡುವವರಿಗೂ ಹೋಟೆಲಿನವರಿಗೂ ವರ್ಷಗಟ್ಟಲೆ ಕೂಡಿ ಬಂದ ಹದ. ಕಿಲೋಗೆ ಇಪ್ಪತ್ತು ರೂಪಾಯಿ ಕಡಿಮೆ ಎಂದು ಬೇರೆಯವರ ಹತ್ತಿರ ಹೋದರೆ, ಮಾರನೆಯ ಬೆಳಿಗ್ಗೆಯೇ ಗಿರಾಕಿಗಳ ಮುಖದಲ್ಲಿ ಗೊತ್ತಾಗುತ್ತದೆ. ದೀರ್ಘಕಾಲದ ಪಾಲುದಾರಿಕೆ ಎಂಬುದು ಬೇಕಾಗುವುದು ಈ ನಾಲ್ಕನೆಯ ಮನೆಗೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಪಾಲುದಾರಿಕೆ ಎಂದರೆ ಎಲ್ಲ ಸಪ್ಲೈಯರ್‌ಗಳ ಜೊತೆಯೂ ಮೃದುವಾಗಿರುವುದು ಎಂದುಕೊಳ್ಳುತ್ತಾರೆ. ಕಾಗದ ಮಾರುವವನ ಜೊತೆ ಐದು ವರ್ಷದ ಒಪ್ಪಂದ ಬೇಕಿಲ್ಲ. ಯಾವ ವಸ್ತು ಯಾವ ಮನೆಯಲ್ಲಿದೆ ಎಂದು ಗುರುತಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಬಿಲ್ಲಿನಲ್ಲಿ ಕಾಣದ ಖರ್ಚು

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಪಕ್ಕದ ಬೀದಿಯ ಸಪ್ಲೈಯರ್ ಒಂದು ಬಿಡಿಭಾಗಕ್ಕೆ 100 ರೂಪಾಯಿ ಹೇಳುತ್ತಾನೆ. ದೂರದೂರಿನವನು 94ಕ್ಕೆ ಕೊಡುತ್ತೇನೆ ಎನ್ನುತ್ತಾನೆ. ಒಂದಕ್ಕೆ ಆರು ರೂಪಾಯಿ ಉಳಿತಾಯ, ಪರ್ಚೇಸ್ ಮ್ಯಾನೇಜರಿಗೆ ಬಾಸ್‌ನಿಂದ ಶಹಬ್ಬಾಸ್.

ಆದರೆ ದೂರದಿಂದ ಬರಬೇಕು, ಲಾರಿ ಬಾಡಿಗೆ ಎರಡು ರೂಪಾಯಿ. ಅವನ ಮಾಲಿನಲ್ಲಿ ರಿಜೆಕ್ಷನ್ ಜಾಸ್ತಿ, ಒಂದೊಂದನ್ನೂ ಅಳತೆ ಮಾಡಿ ನೋಡಲು ಒಬ್ಬ ಹುಡುಗನನ್ನು ಕೂರಿಸಬೇಕು, ಅದಕ್ಕೆ ಇನ್ನೆರಡು. ಯಾವಾಗ ಬರುತ್ತದೋ ಎಂಬ ಭಯಕ್ಕೆ ಒಂದು ತಿಂಗಳ ದಾಸ್ತಾನು ಇಟ್ಟುಕೊಳ್ಳಬೇಕು. ಅದಕ್ಕೆ ಕಟ್ಟಿದ ದುಡ್ಡಿನ ಬಡ್ಡಿ ವರ್ಷಕ್ಕೆ ನೂರಕ್ಕೆ ಹನ್ನೆರಡು ಎಂದರೂ ಹತ್ತಿರ ಹತ್ತಿರ ಒಂದು ರೂಪಾಯಿ. ಅಲ್ಲಿಗೆ 99 ಆಯಿತು. ಉಳಿದದ್ದು ಒಂದು ರೂಪಾಯಿ. ವರ್ಷದಲ್ಲಿ ಒಂದೇ ಒಂದು ದಿನ ಮಾಲು ಬಾರದೆ ಲೈನ್ ನಿಂತರೆ ಆ ಒಂದು ರೂಪಾಯಿಯೂ ಹೋಗಿ, ಕೈಯಿಂದ ಕಟ್ಟಬೇಕಾಗುತ್ತದೆ.

ಹೀಗೆ ಬೆಲೆಯ ಜೊತೆಗೆ ಸಾಗಣೆ, ತಪಾಸಣೆ, ದಾಸ್ತಾನು, ರಿಜೆಕ್ಷನ್, ತಡ ಎಲ್ಲವನ್ನೂ ಕೂಡಿಸಿ ನೋಡುವುದಕ್ಕೆ ‘ಒಟ್ಟು ವೆಚ್ಚ’ದ ಲೆಕ್ಕ ಎನ್ನುತ್ತಾರೆ. ಕಷ್ಟದ ಗಣಿತವೇನಲ್ಲ. ತೊಡಕು ಬೇರೆಡೆ ಇದೆ. ಆರು ರೂಪಾಯಿ ಉಳಿತಾಯ ಖರೀದಿ ವಿಭಾಗದ ಸಾಧನೆಯ ಪಟ್ಟಿಯಲ್ಲಿ ಕಾಣುತ್ತದೆ; ಐದು ರೂಪಾಯಿ ಖರ್ಚು ಸ್ಟೋರ್ಸ್, ಕ್ವಾಲಿಟಿ, ಅಕೌಂಟ್ಸ್ ವಿಭಾಗಗಳಲ್ಲಿ ಚೂರುಚೂರಾಗಿ ಹಂಚಿಹೋಗಿ ಯಾರ ಹೆಸರಿಗೂ ಬೀಳುವುದಿಲ್ಲ.

ಕರಿಯಾ ಊರಿನ ಬೆಂಕಿ

ಪಾಲುದಾರಿಕೆ ಎಂದರೆ ಏನು ಎಂಬುದನ್ನು ತೋರಿಸಲು ಈ ವಿಷಯ ಕಲಿಸುವವರು ಮತ್ತೆ ಮತ್ತೆ ಹೇಳುವ ಘಟನೆ ಜಪಾನಿನದು.

1997ರ ಫೆಬ್ರುವರಿ 1, ಶನಿವಾರ ನಸುಕು. ಐಚಿ ಪ್ರಾಂತದ ಕರಿಯಾ ಊರಿನಲ್ಲಿ ಐಸಿನ್ ಸೇಕಿ ಎಂಬ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಪಿ-ವಾಲ್ವ್. ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳಿಗೆ ಎಷ್ಟು ಒತ್ತಡ ಹೋಗಬೇಕು ಎಂದು ಹದ ಮಾಡುವ, ಮುಷ್ಟಿಯೊಳಗೆ ಹಿಡಿಸುವ ಒಂದು ತುಂಡು. ಟೊಯೊಟಾಗೆ ಬೇಕಾದ ಪಿ-ವಾಲ್ವ್‌ಗಳಲ್ಲಿ ನೂರಕ್ಕೆ 99 ಬರುತ್ತಿದ್ದದ್ದು ಆ ಒಂದೇ ಕಾರ್ಖಾನೆಯಿಂದ. ಇತ್ತ ಟೊಯೊಟಾ ಎಂದರೆ ದಾಸ್ತಾನು ಇಡದೆ, ಬೇಕಾದಾಗ ಬೇಕಾದಷ್ಟೇ ತರಿಸಿಕೊಳ್ಳುವ ‘ಜಸ್ಟ್ ಇನ್ ಟೈಮ್’ ಪದ್ಧತಿಗೆ ಹೆಸರಾದ ಕಂಪನಿ. ಅದರ ಹತ್ತಿರ ಇದ್ದ ವಾಲ್ವ್‌ಗಳು ಕೆಲವು ಗಂಟೆಗಳಿಗೆ ಸಾಕಾಗುವಷ್ಟು. ಮುಂದಿನ ವಾರದ ನಡುವಿನ ಹೊತ್ತಿಗೆ ಜಪಾನಿನ ಟೊಯೊಟಾ ಘಟಕಗಳು ಹೆಚ್ಚುಕಡಿಮೆ ಎಲ್ಲವೂ ನಿಂತವು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆ ನಮ್ಮದು. ಇಲ್ಲಿ ಬಾವಿ ಮೊದಲೇ ತೋಡಿಟ್ಟಿತ್ತು. ಐಸಿನ್ ತನ್ನ ಡ್ರಾಯಿಂಗ್‌ಗಳನ್ನು ಕೇಳಿದವರಿಗೆಲ್ಲ ಕೊಟ್ಟಿತು. ಟೊಯೊಟಾದ ಇತರ ಸಪ್ಲೈಯರ್‌ಗಳು, ಅವರಿಗೆ ಜಾಬ್ ವರ್ಕ್ ಮಾಡಿಕೊಡುವ ಸಣ್ಣ ಶೆಡ್‌ಗಳು, ಹಿಂದೆಂದೂ ವಾಲ್ವ್ ಮಾಡಿರದವರು, ಹೀಗೆ 200ಕ್ಕೂ ಹೆಚ್ಚು ಕಂಪನಿಗಳು ಕೆಲಸಕ್ಕಿಳಿದವು. ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕಂಪನಿ ತನ್ನ ಮಿಲ್ಲಿಂಗ್ ಯಂತ್ರವನ್ನು ಇದಕ್ಕಾಗಿ ಬದಲಾಯಿಸಿಕೊಂಡು ದಿನಕ್ಕೆ 40 ವಾಲ್ವ್ ಮಾಡಿಕೊಟ್ಟಿತು. ನಲವತ್ತು ಎಂದರೆ ಟೊಯೊಟಾದ ಲೆಕ್ಕದಲ್ಲಿ ಚಿಟಿಕೆ. ಆದರೆ ಎಲ್ಲರ ಚಿಟಿಕೆ ಸೇರಿ ಒಂದು ವಾರ ಕಳೆಯುವಷ್ಟರಲ್ಲಿ ಘಟಕಗಳು ಬಹುತೇಕ ಮತ್ತೆ ಓಡತೊಡಗಿದವು.

ಇದರಲ್ಲಿ ಎಲ್ಲರನ್ನೂ ಬೆರಗುಗೊಳಿಸುವ ಸಂಗತಿ ವೇಗವಲ್ಲ, ರೇಟು. ಆ ವಾರದಲ್ಲಿ ಯಾರೂ ‘ಒಂದಕ್ಕೆ ಎಷ್ಟು ಕೊಡುತ್ತೀರಿ’ ಎಂದು ಕೂತು ಮಾತಾಡಲಿಲ್ಲ. ಮೊದಲು ಮಾಡಿಕೊಟ್ಟರು, ಲೆಕ್ಕ ಆಮೇಲೆ ಬಂತು. ಮಾಡಿಕೊಟ್ಟವರ ಖರ್ಚನ್ನು ಐಸಿನ್ ತುಂಬಿಕೊಟ್ಟಿತು. ಟೊಯೊಟಾ ತನ್ನ ನೇರ ಸಪ್ಲೈಯರ್‌ಗಳಿಗೆ, ಜನವರಿಯಿಂದ ಮಾರ್ಚ್‌ವರೆಗೆ ಅವರು ತನಗೆ ಮಾರಿದ ಒಟ್ಟು ಮೊತ್ತದ ನೂರಕ್ಕೆ ಒಂದರಷ್ಟನ್ನು ಹೆಚ್ಚಿಗೆ ಕೊಟ್ಟಿತು. ಅದರಲ್ಲಿ ಅನೇಕರು ತಮ್ಮ ಕೆಳಗಿನ ಸಣ್ಣ ಶೆಡ್‌ಗಳಿಗೂ ಪಾಲು ಕೊಟ್ಟರು.

ಆ ವಿಶ್ವಾಸ ಬಂದದ್ದು ಎಲ್ಲಿಂದ?

ಜಪಾನೀಯರು ಸ್ವಭಾವತಃ ಹಾಗೆ ಎಂದುಬಿಡುವುದು ಸುಲಭ, ಆದರೆ ವಿವರಣೆ ಆಗುವುದಿಲ್ಲ. ಟೊಯೊಟಾ 1939ರಷ್ಟು ಹಿಂದೆಯೇ ತನ್ನ ಖರೀದಿ ನಿಯಮಗಳಲ್ಲಿ, ಒಮ್ಮೆ ಸಪ್ಲೈಯರ್ ಎಂದು ಒಪ್ಪಿದವರನ್ನು ತನ್ನದೇ ಶಾಖೆಯಂತೆ ಕಾಣಬೇಕು, ಸುಮ್ಮಸುಮ್ಮನೆ ಬದಲಾಯಿಸಬಾರದು ಎಂದು ಬರೆದುಕೊಂಡಿತ್ತು. 1943ರಲ್ಲಿ ಸಪ್ಲೈಯರ್‌ಗಳ ಸಂಘ ಕ್ಯೋಹೋಕಾಯ್ ಶುರುವಾಯಿತು. ಸಂಘದವರು ಒಬ್ಬರ ಕಾರ್ಖಾನೆಗೆ ಇನ್ನೊಬ್ಬರು ಹೋಗಿ ನೋಡಿ ಕಲಿಯುತ್ತಿದ್ದರು. ಬೆಂಕಿಯ ದಿನ ಫೋನ್ ಮಾಡಿದವರು ಅಪರಿಚಿತರಲ್ಲ.

ಇದು ದಾನಧರ್ಮವೂ ಅಲ್ಲ. ಟೊಯೊಟಾ ರೇಟ್ ಇಳಿಸಿ ಎಂದು ಕೇಳುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಕಾರು ಎಷ್ಟಕ್ಕೆ ಮಾರಾಟವಾದೀತು ಎಂದು ಮೊದಲು ಅಂದಾಜಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಪ್ರತಿ ಬಿಡಿಭಾಗ ಎಷ್ಟರೊಳಗೆ ಆಗಬೇಕು ಎಂದು ಗುರಿ ಕೊಡುತ್ತದೆ. ವ್ಯತ್ಯಾಸ ಇರುವುದು ಕೇಳಿದ ಮೇಲೆ ಏನು ಮಾಡುತ್ತದೆ ಎಂಬುದರಲ್ಲಿ. ತನ್ನ ಎಂಜಿನಿಯರ್‌ಗಳನ್ನು ಸಪ್ಲೈಯರ್‌ನ ಶೆಡ್ಡಿಗೆ ಕಳಿಸಿ, ಯಂತ್ರ ಇಟ್ಟ ಜಾಗ, ಡೈ (ಅಚ್ಚು) ಬದಲಿಸುವ ಸಮಯ, ವ್ಯರ್ಥವಾಗುವ ಲೋಹ ಎಲ್ಲವನ್ನೂ ನೋಡಿಸಿ, ಖರ್ಚು ಎಲ್ಲಿ ತಗ್ಗೀತು ಎಂದು ಜೊತೆಗೆ ಹುಡುಕುತ್ತದೆ. ಮುಂದಿನ ಮಾಡೆಲ್‌ನ ಆರ್ಡರ್ ತನಗೇ ಬರುತ್ತದೆ ಎಂಬ ನಂಬಿಕೆ ಇದ್ದರೆ ಸಪ್ಲೈಯರ್ ಧೈರ್ಯವಾಗಿ ಹೊಸ ಯಂತ್ರಕ್ಕೆ ಸಾಲ ಮಾಡುತ್ತಾನೆ. ಆರು ತಿಂಗಳ ಪಿಒ (ಪರ್ಚೇಸ್ ಆರ್ಡರ್) ನೆಚ್ಚಿಕೊಂಡು ಯಾರೂ ಕಂಪ್ಯೂಟರ್ ನಡೆಸುವ ಕೋಟಿಯ ಸಿಎನ್‌ಸಿ ಯಂತ್ರ ತರುವುದಿಲ್ಲ.

ನಮ್ಮ ಹಳ್ಳಿಯ ಹಾಲಿನ ಡೇರಿ ನೆನಪಿಸಿಕೊಳ್ಳಿ. ಬೆಳಿಗ್ಗೆ ಸಂಜೆ ಹಾಲು ಅಳೆದುಕೊಳ್ಳುತ್ತದೆ, ಫ್ಯಾಟ್ ನೋಡಿ ದರ ಕಟ್ಟುತ್ತದೆ, ಪಶು ಆಹಾರ ಕೊಡುತ್ತದೆ, ಹಸುವಿಗೆ ಹುಷಾರಿಲ್ಲ ಎಂದರೆ ಡಾಕ್ಟರನ್ನು ಕಳಿಸುತ್ತದೆ. ಹಾಲು ಹೆಚ್ಚಾಗಿರುವ ತಿಂಗಳಲ್ಲೂ ತೆಗೆದುಕೊಳ್ಳುತ್ತದೆ ಎಂಬ ಭರವಸೆ ಇರುವುದರಿಂದಲೇ ರೈತ ಇನ್ನೊಂದು ಹಸು ಕಟ್ಟುತ್ತಾನೆ. ಡೇರಿ ಸಹಕಾರ ಸಂಘ, ರೈತರೇ ಅದರ ಮಾಲೀಕರು. ಕಾರು ಕಂಪನಿಯ ಜೊತೆ ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಆದರೆ ಖಚಿತ ಬೇಡಿಕೆ, ಅಳತೆಗೆ ತಕ್ಕ ದರ, ಕಷ್ಟಕ್ಕೆ ನೆರವು ಎಂಬ ಮೂರು ಅಂಶ ಎರಡೂ ಕಡೆ ಒಂದೇ.

ಅಮೆರಿಕದ ಎರಡು ಕಥೆ

1992ರಲ್ಲಿ ಜನರಲ್ ಮೋಟಾರ್ಸ್ ಸಂಕಷ್ಟದಲ್ಲಿದ್ದಾಗ ಹೋಸೆ ಇಗ್ನಾಸಿಯೊ ಲೋಪೆಸ್ ಎಂಬಾತ ಖರೀದಿಯ ಮುಖ್ಯಸ್ಥನಾಗಿ ಬಂದ. ಇದ್ದ ಒಪ್ಪಂದಗಳನ್ನು ಬದಿಗಿಟ್ಟು ಮತ್ತೆ ಕೊಟೇಷನ್ ಕರೆದ, ದೊಡ್ಡ ಕಡಿತ ಕೇಳಿದ. ತಮ್ಮ ಡ್ರಾಯಿಂಗನ್ನು ಬೇರೆಯವರಿಗೆ ತೋರಿಸಿ ರೇಟ್ ಇಳಿಸುತ್ತಾರೆ ಎಂಬುದು ಸಪ್ಲೈಯರ್‌ಗಳ ದೂರಾಗಿತ್ತು. ಕಂಪನಿಗೆ ದುಡ್ಡು ಉಳಿಯಿತು ನಿಜ. 1993ರಲ್ಲಿ ಆತ ಫೋಕ್ಸ್‌ವ್ಯಾಗನ್‌ಗೆ ಹೋದ. ಸಪ್ಲೈಯರ್‌ಗಳ ಕಹಿ ಮಾತ್ರ ಬಹಳ ವರ್ಷ ಉಳಿಯಿತು. ಹೊಸದೇನನ್ನಾದರೂ ಕಂಡುಹಿಡಿದರೆ ಅವರು ಅದನ್ನು ಮೊದಲು ಹೇಳುವುದು ಯಾರಿಗೆ ಎಂದು ಯೋಚಿಸಿ ನೋಡಿ.

ಅಲ್ಲಿನ ಇನ್ನೊಂದು ಕಾರು ಕಂಪನಿ ಕ್ರೈಸ್ಲರ್ ಅದೇ ಕಾಲದಲ್ಲಿ ಬೇರೆ ದಾರಿ ಹಿಡಿದಿತ್ತು. 1989ರಲ್ಲಿ ಶುರುವಾದ ‘ಸ್ಕೋರ್’ ಯೋಜನೆಯಲ್ಲಿ ಸಪ್ಲೈಯರ್‌ಗಳನ್ನೇ ಕೇಳಿದರು: ನಮ್ಮಿಂದ ನಿಮಗೆ ಎಲ್ಲಿ ಖರ್ಚು ಹೆಚ್ಚುತ್ತಿದೆ, ಏನು ಬದಲಾಯಿಸಬೇಕು? ಉಳಿದ ಹಣದಲ್ಲಿ ಸಪ್ಲೈಯರ್‌ಗೂ ಪಾಲು. 1995ರ ಕೊನೆಗೆ 5,300 ಸಲಹೆಗಳು ಜಾರಿಯಾಗಿ, ವರ್ಷಕ್ಕೆ 170 ಕೋಟಿ ಡಾಲರಿಗೂ ಹೆಚ್ಚು ಉಳಿತಾಯವಾಗುತ್ತಿತ್ತು. 1998ರಲ್ಲಿ ಕಂಪನಿ ಜರ್ಮನಿಯ ಡೈಮ್ಲರ್ ಜೊತೆ ವಿಲೀನವಾಯಿತು. 2000ದ ಡಿಸೆಂಬರ್‌ನಲ್ಲಿ, ನಷ್ಟ ಏರುತ್ತಿದ್ದಾಗ, ಹೊಸ ಆಡಳಿತ ಎಲ್ಲ ಸಪ್ಲೈಯರ್‌ಗಳಿಗೂ ಕೂಡಲೇ ನೂರಕ್ಕೆ 5ರಷ್ಟು ರೇಟ್ ಇಳಿಸುವಂತೆ ಹೇಳಿತು. ಹತ್ತು ವರ್ಷ ಕೂಡಿಟ್ಟ ವಿಶ್ವಾಸಕ್ಕೆ ಒಂದೇ ಸುತ್ತೋಲೆ.

ಮಾಹಿತಿಯೂ ಸರಕೇ

2000ದ ಮಾರ್ಚ್ 17ರಂದು ಅಮೆರಿಕದ ಆಲ್ಬುಕರ್ಕಿಯಲ್ಲಿ ಫಿಲಿಪ್ಸ್ ಕಂಪನಿಯ ಚಿಪ್ ಘಟಕಕ್ಕೆ ಸಿಡಿಲಿನಿಂದ ಬೆಂಕಿ ಹತ್ತಿತು. ಹತ್ತೇ ನಿಮಿಷದಲ್ಲಿ ಆರಿತು, ಆದರೆ ಹೊಗೆ ಮತ್ತು ನೀರಿನಿಂದ ಧೂಳಿರಬಾರದ ಕೋಣೆಗಳು ಕೆಟ್ಟವು. ಆ ಚಿಪ್‌ಗಳಿಗಾಗಿ ಮೊಬೈಲ್ ಫೋನ್ ಮಾಡುವ ನೋಕಿಯಾ, ಎರಿಕ್ಸನ್ ಎರಡೂ ಕಾಯುತ್ತಿದ್ದವು. ಒಂದು ವಾರ ತಡ ಎಂಬ ಸುದ್ದಿ ಇಬ್ಬರಿಗೂ ಸಿಕ್ಕಿತು. ನೋಕಿಯಾ ಅದನ್ನು ನಂಬಿ ಕೂರದೆ ದಿನವೂ ವಿಚಾರಿಸಿತು, ಫಿಲಿಪ್ಸ್‌ನ ಬೇರೆ ಘಟಕಗಳಲ್ಲಿ ಜಾಗ ಕೇಳಿ ಪಡೆಯಿತು, ಬೇರೆ ತಯಾರಕರ ಕಡೆಗೂ ಹೋಯಿತು. ಎರಿಕ್ಸನ್‌ನಲ್ಲಿ ಸುದ್ದಿ ಮೇಲಿನವರಿಗೆ ಮುಟ್ಟುವಷ್ಟರಲ್ಲಿ ಉಳಿದ ಚಿಪ್‌ಗಳೆಲ್ಲ ಖಾಲಿ. ಅದಕ್ಕೆ ತಪ್ಪಿದ ಮಾರಾಟ ಸುಮಾರು 40 ಕೋಟಿ ಡಾಲರ್. ಮಾರನೆಯ ವರ್ಷ ಎರಿಕ್ಸನ್ ತನ್ನ ಫೋನ್ ವ್ಯವಹಾರವನ್ನು ಸೋನಿ ಜೊತೆ ಸೇರಿಸಿತು.

ಹಾಗಾದರೆ ಒಬ್ಬನನ್ನೇ ನೆಚ್ಚಬೇಕೇ?

ಕರಿಯಾದ ಕಥೆ ಕೇಳಿದ ಯಾರಿಗಾದರೂ ಒಂದು ಅನುಮಾನ ಬರಬೇಕು. ನೂರಕ್ಕೆ 99ನ್ನು ಒಂದೇ ಕಡೆಯಿಂದ ತರಿಸಿದ್ದೇ ತಪ್ಪಲ್ಲವೇ? ಹೌದು. ಬೆಂಕಿಯಿಂದ ತಡವಾದ ಕಾರುಗಳ ಸಂಖ್ಯೆ ಸುಮಾರು 70 ಸಾವಿರ. ಗಾಢ ಸಂಬಂಧ ಒಂದು, ಏಕೈಕ ಮೂಲ ಇನ್ನೊಂದು, ಎರಡನ್ನೂ ಬೆರೆಸಬಾರದು. ಇಬ್ಬರು ಸಪ್ಲೈಯರ್‌ಗಳನ್ನು ಇಟ್ಟುಕೊಂಡೂ ಇಬ್ಬರ ಜೊತೆಯೂ ದೀರ್ಘಕಾಲ ನಡೆಯಬಹುದು.

ಸಂಬಂಧಕ್ಕೆ ಜಡ್ಡು ಹಿಡಿಯುವುದೂ ಉಂಟು. ನಿಸ್ಸಾನ್ ತನ್ನ ಸಪ್ಲೈಯರ್ ಕಂಪನಿಗಳಲ್ಲಿ ಷೇರು ಇಟ್ಟುಕೊಂಡು, ಬೆಲೆ ಕೇಳದೆ, ಹಳೆಯ ಅಧಿಕಾರಿಗಳನ್ನು ಅಲ್ಲಿಗೆ ಕಳಿಸುತ್ತಾ ಬಂದು ಸಾಲದಲ್ಲಿ ಮುಳುಗಿತ್ತು. 1999ರ ಅಕ್ಟೋಬರ್‌ನಲ್ಲಿ, ಕಂಪನಿಯನ್ನು ಮೇಲೆತ್ತಲು ಬಂದಿದ್ದ ಕಾರ್ಲೋಸ್ ಘೋಸ್ನ್ ಮಂಡಿಸಿದ ಯೋಜನೆ 1,145 ಸಪ್ಲೈಯರ್‌ಗಳನ್ನು 600ಕ್ಕೆ ಇಳಿಸುವುದು, ಖರೀದಿ ವೆಚ್ಚವನ್ನು ಮೂರು ವರ್ಷದಲ್ಲಿ ನೂರಕ್ಕೆ 20ರಷ್ಟು ತಗ್ಗಿಸುವುದು. ಅಳತೆ ಇಲ್ಲದ ಸ್ನೇಹ ಯಾವ ಗತಿಗೆ ತರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನು ಕಪಾಟಿನ ಪ್ರಶ್ನೆ. ಜಪಾನಿನಲ್ಲಿ 2011ರ ಮಾರ್ಚ್ 11ರಂದು ಆದ ಭೂಕಂಪ, ಸುನಾಮಿಯ ನಂತರ ಟೊಯೊಟಾ ಯಾವ ಬಿಡಿಭಾಗ ಸಿಗದಿದ್ದರೆ ಕಾರು ನಿಲ್ಲುತ್ತದೆ ಎಂದು ಸಪ್ಲೈಯರ್‌ನ ಸಪ್ಲೈಯರ್‌ವರೆಗೂ ಇಳಿದು ಪಟ್ಟಿ ಮಾಡಿತು. ಚಿಪ್‌ಗಳನ್ನು ಎರಡರಿಂದ ಆರು ತಿಂಗಳಿಗೆ ಆಗುವಷ್ಟು ಇಟ್ಟುಕೊಳ್ಳಿ ಎಂದು ಸಪ್ಲೈಯರ್‌ಗಳಿಗೆ ಹೇಳಿತು. ದಾಸ್ತಾನು ಬೇಡ ಎಂದು ಜಗತ್ತಿಗೆ ಕಲಿಸಿದ ಕಂಪನಿಯೇ ಹೀಗೆ ಮಾಡಿದ್ದು. 2021ರ ಮೊದಲರ್ಧದಲ್ಲಿ ಚಿಪ್ ಸಿಗದೆ ಬೇರೆಯವರು ಘಟಕ ಮುಚ್ಚುತ್ತಿದ್ದಾಗ ಅದು ಹೆಚ್ಚು ಏಟು ತಿನ್ನದೆ ಉಳಿಯಿತು. ಸೆಪ್ಟೆಂಬರ್‌ಗೆ ಆ ದಾಸ್ತಾನೂ ಸಾಲದಾಗಿ, ಯೋಜಿಸಿದ್ದ ಉತ್ಪಾದನೆಯನ್ನು ನೂರಕ್ಕೆ 40ರಷ್ಟು ಕಡಿಮೆ ಮಾಡಬೇಕಾಯಿತು.

ಬಿಡದಿ, ಪೀಣ್ಯ ಮತ್ತು 45 ದಿನ

ಕರಿಯಾಗೆ ಬೆಂಕಿ ಬಿದ್ದ ಅದೇ 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾಯಿತು. 1999ರ ಡಿಸೆಂಬರ್‌ನಲ್ಲಿ ಬಿಡದಿಯಲ್ಲಿ ಕ್ವಾಲಿಸ್ ಕಾರಿನ ತಯಾರಿಕೆ ಶುರು. ಜೊತೆಯಲ್ಲೇ ಬಿಡಿಭಾಗ ಮಾಡುವ ಕಂಪನಿಗಳೂ ಸುತ್ತಮುತ್ತ ಬಂದವು. ಸಪ್ಲೈಯರ್ ಹತ್ತಿರ ಇದ್ದಷ್ಟೂ ದಾಸ್ತಾನು ಕಡಿಮೆ ಸಾಕು ಎಂಬ ಸರಳ ಕಾರಣಕ್ಕೆ.

ಆದರೆ ಪೀಣ್ಯದ ಒಂದು ಸಣ್ಣ ಶೆಡ್ಡಿನ ಮಾಲೀಕರನ್ನು ಪಾಲುದಾರಿಕೆಯ ಬಗ್ಗೆ ಕೇಳಿದರೆ, ಎಂಜಿನಿಯರ್ ಕಳಿಸಿದರೇ ಎಂಬುದಕ್ಕಿಂತ ಮೊದಲು ಬರುವ ಮಾತು ಪೇಮೆಂಟಿನದು. ಕಬ್ಬಿಣ ಕೊಳ್ಳಲು ನಗದು ಕೊಡಬೇಕು, ವಾರಕ್ಕೆ ಸಂಬಳ, ತಿಂಗಳಿಗೆ ಕರೆಂಟ್ ಬಿಲ್. ದೊಡ್ಡ ಕಂಪನಿಯಿಂದ ದುಡ್ಡು ಬರುವುದು ಮಾತ್ರ 90 ದಿನಕ್ಕೋ 120 ದಿನಕ್ಕೋ ಆದರೆ, ನಿಜಕ್ಕೂ ಸಣ್ಣವನೇ ದೊಡ್ಡವನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಯಿತು.

ಇದಕ್ಕೆ ಕಾನೂನು ಇದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಕೊಂಡವರು, ಲಿಖಿತ ಒಪ್ಪಂದ ಇದ್ದರೆ ಅದರಲ್ಲಿ ಹೇಳಿದ ದಿನದೊಳಗೆ, ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಇನ್ನೊಂದು ಬಿಗಿ ತಂದಿತು. ಈ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಕೊಳ್ಳುವ ಕಂಪನಿ ಆ ವರ್ಷದ ಖರ್ಚೆಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ. ನಿಜವಾಗಿ ಹಣ ಕೊಟ್ಟ ವರ್ಷವೇ ತೋರಿಸಬೇಕು. ಬಡ್ಡಿ ಕೇಳಲು ಸಪ್ಲೈಯರ್ ತಾನೇ ಮುಂದೆ ಬರಬೇಕು, ತೆರಿಗೆ ನಿಯಮಕ್ಕೆ ಅವನು ಬಾಯಿ ಬಿಡಬೇಕಿಲ್ಲ.

ಆ ವ್ಯತ್ಯಾಸ ಸಣ್ಣದಲ್ಲ. ಬಡ್ಡಿಗಾಗಿ ಅರ್ಜಿ ಹಾಕಲು ಪೋರ್ಟಲ್ ಇದೆ, ರಾಜ್ಯದಲ್ಲಿ ಇಂಥ ದೂರು ಕೇಳುವ ಕೌನ್ಸಿಲ್ ಇದೆ. ಆದರೂ ಬಾಕಿ ಇರುವ ಎಷ್ಟೋ ಜನ ಅಲ್ಲಿಗೆ ಹೋಗುವುದಿಲ್ಲ. ಅರ್ಜಿ ಹಾಕಿದರೆ ಬಡ್ಡಿ ಬಂದೀತು, ಮುಂದಿನ ಪಿಒ ಬಂದೀತೇ ಎಂಬುದು ಅವರ ಲೆಕ್ಕ.